ಬೆಣಚುಕಲ್ಲಿನೊಳಗೆ ಬಣ್ಣ ಬದಲಿಸುವ ಬೆಳಕು



ದಢೇಸುಗೂರು, ಸಿಂಧನೂರು ಕಡೆಯ ಭತ್ತದ ರೈತರಿಗೆ ಲೇಸರ್ ಹೊಸದಲ್ಲ. ಗದ್ದೆಯಂಚಿನ ಮೂರು ಕಾಲಿನ ಸ್ಟ್ಯಾಂಡಿನಿಂದ ಸುತ್ತುವ ಕಿರಣ, ಟ್ರ್ಯಾಕ್ಟರಿನ ಹಿಂದಿನ ಬ್ಲೇಡನ್ನು ಏರಿಸಿ ಇಳಿಸಿ ನೆಲ ಮಟ್ಟ ಮಾಡಿಸುತ್ತದೆ. ಆ ಕಿರಣ ಹೊರಟ ಬಣ್ಣದಲ್ಲೇ ಬಂದು ತಲುಪುತ್ತದೆ. ಮಧ್ಯೆ ಗಾಜಿರಲಿ, ನೀರಿರಲಿ, ಕೆಂಪು ಕೆಂಪೇ. ಬೆಳಕು ತೀರಾ ಪ್ರಖರವಾದಾಗ ಈ ಪಾಠ ಸಾಲುವುದಿಲ್ಲ. ಅಲ್ಲಿಂದ ಮುಂದಿನದು ನಾನ್‌ಲೀನಿಯರ್ ಆಪ್ಟಿಕ್ಸ್, ಅಂದರೆ ಅರೇಖೀಯ ದ್ಯುತಿಶಾಸ್ತ್ರ.

ವಸ್ತುವಿನೊಳಗೆ ಹೊಕ್ಕ ಬೆಳಕಿನ ಅಲೆ ಎಲೆಕ್ಟ್ರಾನುಗಳನ್ನು ಅಲುಗಾಡಿಸುತ್ತದೆ. ಅಲುಗಿದ ಎಲೆಕ್ಟ್ರಾನು ಮತ್ತೆ ಬೆಳಕು ಸೂಸುತ್ತದೆ. ಜಾತ್ರೆಯ ಮೈಕ್ ಸೆಟ್ ನೆನಪಿಸಿಕೊಳ್ಳಿ. ವಾಲ್ಯೂಮ್ ಹದವಾಗಿದ್ದರೆ ಹಾಡು ಹಾಡಿದ ಹಾಗೆ ಕೇಳುತ್ತದೆ. ಮಿತಿಮೀರಿ ತಿರುಗಿಸಿದರೆ, ಹಾಡುವವರ ಗಂಟಲಲ್ಲಿ ಇಲ್ಲದ ಸ್ವರಗಳೂ ಸೇರಿಕೊಳ್ಳುತ್ತವೆ. ಅವುಗಳ ಕಂಪನ ಮೂಲ ಸ್ವರದ ಎರಡರಷ್ಟು, ಮೂರರಷ್ಟು. ಎಲೆಕ್ಟ್ರಾನನ್ನು ವಿಪರೀತ ಜಗ್ಗಿದಾಗಲೂ ಹಾಗೆಯೇ.

ವಿಪರೀತ ಎಂದರೆ ಎಷ್ಟು? ನಮ್ಮ ಮೇ ತಿಂಗಳ ಉರಿಬಿಸಿಲಿನ ವಿದ್ಯುತ್ ಕ್ಷೇತ್ರ ಮೀಟರಿಗೆ ಸಾವಿರ ವೋಲ್ಟಿನ ಆಸುಪಾಸು. ಹೈಡ್ರೋಜನ್ ಪರಮಾಣು ತನ್ನ ಎಲೆಕ್ಟ್ರಾನನ್ನು ಹಿಡಿದಿಟ್ಟಿರುವ ಕ್ಷೇತ್ರ ಅದರ ಸುಮಾರು 50 ಕೋಟಿ ಪಟ್ಟು! ಅದಕ್ಕೇ 1960ರಲ್ಲಿ ಲೇಸರ್ ಬರುವವರೆಗೆ ಕಾಯಬೇಕಾಯಿತು.

ಮರುವರ್ಷವೇ ಅಮೆರಿಕದ ಮಿಶಿಗನ್ ವಿಶ್ವವಿದ್ಯಾಲಯದಲ್ಲಿ ಪೀಟರ್ ಫ್ರಾಂಕೆನ್ ಮತ್ತು ಸಂಗಡಿಗರು 694 ನ್ಯಾನೊಮೀಟರಿನ ಕೆಂಪು ಲೇಸರನ್ನು ಬೆಣಚುಕಲ್ಲಿನ ಹರಳಿಗೆ ಹಾಯಿಸಿದರು. ಆಚೆ ಬದಿಯಲ್ಲಿ 347 ನ್ಯಾನೊಮೀಟರಿನ ನೇರಳಾತೀತ ಬೆಳಕೂ ಬಂತು. ತರಂಗದ ಉದ್ದ ಅರ್ಧವಾಗಿ, ಕಂಪನ ಇಮ್ಮಡಿಯಾಗಿತ್ತು. ಛಾಯಾಫಲಕದ ಮೇಲೆ ಅದು ಬರೀ ಒಂದು ಸಣ್ಣ ಚುಕ್ಕೆ. ಅಚ್ಚಿಗೆ ಹೋಗುವಾಗ ಯಾರೋ ಅದನ್ನು ಕಲೆಯೆಂದು ಬಗೆದು ಅಳಿಸಿಬಿಟ್ಟರು. ಪ್ರಕಟವಾದ ಚಿತ್ರದಲ್ಲಿ ಬಾಣದ ಗುರುತಿದೆ, ಅದು ತೋರಿಸಬೇಕಾದ ಚುಕ್ಕೆ ಇಲ್ಲ.

ಬೆಣಚುಕಲ್ಲೇ ಏಕೆ? ಗಾಜಿನೊಳಗೆ ಎಲೆಕ್ಟ್ರಾನನ್ನು ಎಡಕ್ಕೆ ತಳ್ಳಿದರೂ ಬಲಕ್ಕೆ ತಳ್ಳಿದರೂ ಪ್ರತಿಕ್ರಿಯೆ ಒಂದೇ. ಅಲ್ಲಿ ಇಮ್ಮಡಿ ಕಂಪನ ಹುಟ್ಟದು. ಬೆಣಚುಕಲ್ಲಿನ ಹರಳಿಗೆ ಆ ಸಮತೆ ಇಲ್ಲ. ನಮ್ಮ ಲಿಂಗಸುಗೂರು ತಾಲ್ಲೂಕಿನ ಹಟ್ಟಿಯಲ್ಲಿ ಚಿನ್ನ ಅಡಗಿರುವುದು ಇಂಥ ಬೆಣಚುಕಲ್ಲಿನ ಎಳೆಗಳಲ್ಲೇ. ಚಿನ್ನಕ್ಕಾಗಿ ಅರೆದು ಪುಡಿ ಮಾಡಿದ ಮೇಲೂ ಆ ಕಲ್ಲಿನ ಕಣಕಣದಲ್ಲಿ ಈ ಗುಣ ಉಳಿದಿರುತ್ತದೆ. 1968ರಲ್ಲಿ ಕುರ್ಟ್ಸ್ ಮತ್ತು ಪೆರಿ ರೂಪಿಸಿದ ಪುಡಿ ಪರೀಕ್ಷೆಗೆ ಇದೇ ಆಧಾರ. ದೊಡ್ಡ ಹರಳು ಬೆಳೆಸುವ ತಾಪತ್ರಯವಿಲ್ಲ: ಪುಡಿಯ ಮೇಲೆ 1064 ನ್ಯಾನೊಮೀಟರಿನ, ಕಣ್ಣಿಗೆ ಕಾಣದ ಅವಕೆಂಪು ಲೇಸರ್ ಬಿಟ್ಟು, 532ರ ಹಸಿರು ಹೊಮ್ಮುತ್ತದೆಯೇ ಎಂದು ನೋಡಿದರಾಯಿತು. ದಕ್ಷಿಣ ಭಾರತದ ಎಷ್ಟೋ ಕಾಲೇಜುಗಳು ತಾವು ಬೆಳೆಸಿದ ಹರಳುಗಳನ್ನು ಈ ಪರೀಕ್ಷೆಗಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಕಳಿಸಿವೆ.

ಅನೇಕ ಹಸಿರು ಲೇಸರ್ ಪೆನ್ನುಗಳ ಒಳಗೂ ನಡೆಯುವುದು ಇದೇ ಕೆಲಸ. ಅಗ್ಗದ ಪೆನ್ನುಗಳಲ್ಲಿ ಆ ಅವಕೆಂಪು ಕಿರಣ ಸೋರುವುದುಂಟು. ಅದು ಕಾಣುವುದಿಲ್ಲ, ಕಣ್ಣನ್ನು ಸುಡುತ್ತದೆ. ಮಕ್ಕಳ ಕೈಗೆ ದಯವಿಟ್ಟು ಕೊಡಬೇಡಿ.

ಬಿ.ಎಸ್ಸಿ. ಓದುತ್ತಿರುವವರು ದಪ್ಪ ಪುಸ್ತಕ ತೆರೆಯುವ ಮೊದಲು ಒಂದು ಗ್ರಾಫ್ ಹಾಳೆ ತೆಗೆದುಕೊಳ್ಳಿ. ಒಂದು ಕೊಸೈನ್ ಅಲೆ ಬರೆದು, ಬಿಂದುಬಿಂದುವಿನಲ್ಲೂ ಅದರ ವರ್ಗ ಗುರುತಿಸಿ. ಸಮತೆಯಿಲ್ಲದ ಹರಳಿನಲ್ಲಿ ಎಲೆಕ್ಟ್ರಾನಿನ ಪ್ರತಿಕ್ರಿಯೆಗೆ ಸೇರಿಕೊಳ್ಳುವುದು ಈ ವರ್ಗವೇ. ಹೊಸ ಅಲೆ ಇಮ್ಮಡಿ ವೇಗದಲ್ಲಿ ಏರಿಳಿಯುತ್ತದೆ, ಜೊತೆಗೆ ಇಡಿಯಾಗಿ ಸೊನ್ನೆಯ ಗೆರೆಗಿಂತ ಮೇಲಕ್ಕೆ ಎದ್ದು ನಿಲ್ಲುತ್ತದೆ. ಆ ಮೇಲೆದ್ದ ಭಾಗ ಬರೀ ಲೆಕ್ಕದ ಮಾತಲ್ಲ. ಲೇಸರ್ ಹಾಯುವಾಗ ಹರಳಿನ ಎರಡು ಬದಿಗಳ ನಡುವೆ ನಿಜವಾಗಿಯೂ ವೋಲ್ಟೇಜ್ ಹುಟ್ಟುತ್ತದೆ. 1962ರಲ್ಲಿ ಫ್ರಾಂಕೆನ್ ತಂಡವೇ ಅದನ್ನು ಅಳೆದು ತೋರಿಸಿತು.