ಮಾರಾಟಕ್ಕಿಲ್ಲದ ಮದ್ದು

(ಗಿರಣಿ ಕಾರ್ಮಿಕರು ಹಾಗೂ ಸಣ್ಣ ವ್ಯಾಪಾರಿಗಳು ಸೇರಿದ್ದ ಸಭೆಯಲ್ಲಿ ಮಾಡಿದ ಭಾಷಣ)

ಇಂದು ನಾವು ಹೇಳಹೊರಟಿರುವುದು ಆಫ್ರಿಕಾದ ಬಡ ಬೇಸಾಯಗಾರರ ಒಂದು ಬೆಳೆಯ ಕಥೆ. ಸಂಬಳ, ಬೋನಸ್ಸು, ಅಂಗಡಿಯ ತೆರಿಗೆ ಇವುಗಳ ನಡುವೆ ಆಫ್ರಿಕಾದ ಹುಳುವಿನ ಮಾತೇಕೆ ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ನ್ಯಾಯವಾದ ಪ್ರಶ್ನೆಯೇ. ಆದರೆ ಗಿರಣಿಯ ಸೈಜಿಂಗ್ ಖಾತೆಯಲ್ಲಿ ಹಾಸು ನೂಲಿಗೆ ಹಾಕುವ ಗಂಜಿ ಯಾವುದರದು? ಹಲವು ಕಡೆ ಅದು ಮರಗೆಣಸಿನ ಹಿಟ್ಟಿನದು. ಏಕಾದಶಿ, ಶಿವರಾತ್ರಿ ಬಂತೆಂದರೆ ಕಿರಾಣಿ ಅಂಗಡಿಯವರು ತೂಗಿ ಕೊಡುವ ಸಬ್ಬಕ್ಕಿ ಯಾವುದರದು? ಸೇಲಂ ಕಡೆಯ ಕಾರ್ಖಾನೆಗಳಲ್ಲಿ ಅದೇ ಮರಗೆಣಸಿನಿಂದ ಮಾಡಿದ್ದು. ನಮಗೆ ನೂಲಿನ ಗಂಜಿಯೂ ಉಪವಾಸದ ಫಲಾಹಾರವೂ ಆಗಿರುವ ಈ ಗೆಡ್ಡೆಯೇ ಆಫ್ರಿಕಾದ ಕೋಟ್ಯಂತರ ಜನರಿಗೆ ದಿನದ ಅನ್ನ.

ಮರಗೆಣಸಿನ ತವರು ದಕ್ಷಿಣ ಅಮೆರಿಕ. 16ನೆಯ ಶತಮಾನದಲ್ಲಿ ಪೋರ್ಚುಗೀಸರು ಅದನ್ನು ಆಫ್ರಿಕಾಕ್ಕೆ ತಂದರು. ಮಣ್ಣು ಬಡವಾಗಿದ್ದರೂ, ಮಳೆ ಕೈಕೊಟ್ಟರೂ ಅದು ಬದುಕುತ್ತದೆ. ಬಲಿತ ಗೆಡ್ಡೆಯನ್ನು ಒಮ್ಮೆಗೇ ಕೀಳಬೇಕಾಗಿಲ್ಲ. ಬೇಕಾದಾಗ ಬೇಕಾದಷ್ಟು ಅಗೆದುಕೊಂಡರಾಯಿತು. ಉಗ್ರಾಣ ಕಟ್ಟಲಾರದವನಿಗೆ ನೆಲವೇ ಉಗ್ರಾಣ. ನೈಜೀರಿಯದವರು ಅದನ್ನು ತುರಿದು, ಹುಳಿಬರಿಸಿ, ಹುರಿದು ಗಾರಿ ಎಂಬ ತರಿ ಮಾಡಿಕೊಳ್ಳುತ್ತಾರೆ. ಕಾಂಗೋದವರು ಅದರ ಎಲೆಯನ್ನೂ ಬೇಯಿಸಿ ಉಣ್ಣುತ್ತಾರೆ. ಬಿತ್ತನೆಗೆ ಬೀಜ ಕೊಳ್ಳುವ ಕೆಲಸವೂ ಇಲ್ಲ. ಹಳೆಯ ಗಿಡದ ಕಾಂಡವನ್ನು ತುಂಡು ಮಾಡಿ ನೆಟ್ಟರೆ ಸಾಕು. ನೆರೆಯವರು ನೆರೆಯವರಿಗೆ ಅದನ್ನು ಸುಮ್ಮನೆ ಕೊಡುತ್ತಾರೆ.

1970ರ ನಂತರದ ಮೊದಲ ವರ್ಷಗಳಲ್ಲಿ ಕಾಂಗೋ ನದಿಯ ಸೀಮೆಯಲ್ಲಿ ಈ ಗಿಡದ ಸುಳಿ ಮುದುಡತೊಡಗಿತು. ಸುಳಿಯನ್ನು ಬಿಡಿಸಿ ನೋಡಿದರೆ ಬಿಳಿಯ ಮೇಣದ ಪುಡಿ ಹೊದ್ದ ಪುಟ್ಟ ಹುಳುಗಳು. ನಮ್ಮ ರೈತರು ಹಿಟ್ಟು ತಿಗಣೆ ಎನ್ನುವ ಕುಲಕ್ಕೇ ಸೇರಿದವು. ಈ ಜಾತಿಯಲ್ಲಿ ಗಂಡೇ ಇಲ್ಲ. ಒಂದೊಂದು ಹೆಣ್ಣೂ ತಾನಾಗಿಯೇ ನೂರಾರು ಮೊಟ್ಟೆಯಿಡುತ್ತದೆ. ಇದೂ ಅಮೆರಿಕದಿಂದ ಗಿಡದೊಡನೆ ಬಂದದ್ದೇ. ತವರಿನಲ್ಲಿ ಇದನ್ನು ತಿಂದು ಹದ್ದಿನಲ್ಲಿಟ್ಟಿದ್ದ ಶತ್ರುಗಳು ಮಾತ್ರ ಅಲ್ಲಿಯೇ ಉಳಿದುಬಿಟ್ಟಿದ್ದವು. ಕೇಳುವವರಿಲ್ಲದ ಊರಿನಲ್ಲಿ ಕಳ್ಳನಿಗೆ ಭಯವೇನು? ಹತ್ತು ವರ್ಷದೊಳಗೆ ಹುಳು ದೇಶದಿಂದ ದೇಶಕ್ಕೆ ಹಬ್ಬಿತು. ಕೆಟ್ಟ ಹೊಲಗಳಲ್ಲಿ ನೂರಕ್ಕೆ 80ರಷ್ಟು ಗೆಡ್ಡೆ ನಷ್ಟವಾಯಿತು. ನೆಡಲು ಆರೋಗ್ಯವಾದ ಕಾಂಡ ಸಿಗುವುದೇ ದುಸ್ತರವಾಯಿತು.

ಔಷಧ ಹೊಡೆಯಬಾರದಿತ್ತೆ ಎನ್ನುವಿರಿ. ಎಕರೆ, ಎರಡೆಕರೆಯಲ್ಲಿ ಮನೆಯ ಊಟಕ್ಕೆ ಬೆಳೆಯುವವನ ಬಳಿ ಔಷಧಕ್ಕೂ ಪಂಪಿಗೂ ರೊಕ್ಕವೆಲ್ಲಿಯದು? ಈ ಹುಳುವಿನ ಹಾವಳಿ ಹೆಚ್ಚುವುದು ಬೇಸಗೆಯಲ್ಲಿ. ಆಗ ಕುಡಿಯಲೇ ನೀರು ಕಡಮೆ, ಸಿಂಪಡಿಸಲು ತರುವುದೆಲ್ಲಿಂದ? ಮೇಲಾಗಿ ಎಲೆಯನ್ನೇ ಉಣ್ಣುವ ಕಡೆ ಎಲೆಗೆ ವಿಷ ಹೊಡೆಯುವುದು ಹೇಗೆ? ಕೊಳ್ಳುವ ಶಕ್ತಿ ಇಲ್ಲದವನ ರೋಗಕ್ಕೆ ಪೇಟೆಯಲ್ಲಿ ಮದ್ದು ಹುಟ್ಟುವುದಿಲ್ಲ. ವ್ಯಾಪಾರ ಬಲ್ಲ ನಿಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗಾದರೆ ಮದ್ದು ಬಂದದ್ದೆಲ್ಲಿಂದ? ನೈಜೀರಿಯದ ಇಬಾಡಾನ್ ನಗರದಲ್ಲಿ 1967ರಲ್ಲಿ ಸ್ಥಾಪನೆಯಾದ ಅಂತರರಾಷ್ಟ್ರೀಯ ಉಷ್ಣವಲಯ ಕೃಷಿ ಸಂಸ್ಥೆಯಿಂದ. ಅದರ ಸ್ಥಾಪನೆಯಲ್ಲಿ ಅಮೆರಿಕದ ಸಿರಿವಂತ ಪ್ರತಿಷ್ಠಾನಗಳ ಹಣವೂ ಇತ್ತು, ಅದನ್ನು ಮುಚ್ಚಿಡಬೇಕಾಗಿಲ್ಲ. ಮುಖ್ಯವಾದುದು ಏನೆಂದರೆ, ಅಲ್ಲಿ ಕಂಡುಹಿಡಿದದ್ದು ಮಾರಾಟದ ಸರಕಾಗಲಿಲ್ಲ. 1979ರಲ್ಲಿ ಹಾನ್ಸ್ ಹೆರೆನ್ ಎಂಬ ಸ್ವಿಟ್ಜರ್ಲೆಂಡಿನ ತರುಣ ವಿಜ್ಞಾನಿ ಅಲ್ಲಿಗೆ ಬಂದರು. ಹುಳುವಿನ ತವರನ್ನು ಹುಡುಕಿದರೆ ಅದರ ಶತ್ರುವೂ ಅಲ್ಲಿಯೇ ಸಿಗಬೇಕು ಎಂಬುದು ಅವರ ತರ್ಕ. ಅಮೆರಿಕ ಖಂಡದ ಉದ್ದಕ್ಕೂ ಶೋಧ ನಡೆಯಿತು. ಕೊನೆಗೆ 1981ರಲ್ಲಿ, ಕೊಲಂಬಿಯದ ಸೋದರ ಸಂಸ್ಥೆಯ ಆಂಟನಿ ಬೆಲೊಟ್ಟಿ ಎಂಬ ವಿಜ್ಞಾನಿ ಪರಾಗ್ವೆ ದೇಶದಲ್ಲಿ ಅದೇ ಹುಳುವನ್ನು ಕಂಡರು. ಅಲ್ಲಿ ಅದು ಅಪರೂಪ. ಏಕೆಂದರೆ ಅದರ ಬೆನ್ನಿಗೆ ಒಂದು ಕಣಜ ಬಿದ್ದಿತ್ತು.

ನಮ್ಮ ಭಾಷೆಯಲ್ಲಿ ಧಾನ್ಯ ತುಂಬಿಡುವುದೂ ಕಣಜ, ಕುಟುಕುವ ಹುಳುವೂ ಕಣಜ. ಇದು ಎಳ್ಳುಕಾಳಿಗಿಂತಲೂ ಸಣ್ಣದು, ಮನುಷ್ಯರನ್ನು ಕುಟುಕುವುದಿಲ್ಲ. ತಾಯಿ ಕಣಜ ಹಿಟ್ಟು ತಿಗಣೆಯ ಮೈಯೊಳಗೆ ಮೊಟ್ಟೆ ಚುಚ್ಚುತ್ತದೆ. ಮರಿ ತಿಗಣೆಯನ್ನು ಒಳಗಿನಿಂದ ತಿಂದು ಬೆಳೆದು, ಒಣಗಿದ ಸಿಪ್ಪೆಗೆ ತೂತು ಕೊರೆದು ಹೊರಬರುತ್ತದೆ. ಬಂದೊಡನೆ ಮತ್ತೊಂದು ತಿಗಣೆಯನ್ನು ಹುಡುಕಿಕೊಂಡು ಹೋಗುತ್ತದೆ.

ಪರದೇಶದ ಜೀವಿಯನ್ನು ಸಿಕ್ಕಂತೆ ತಂದು ಬಿಟ್ಟುಬಿಡಲಿಲ್ಲ. ಮೊದಲು ಇಂಗ್ಲೆಂಡಿನಲ್ಲಿ ಬಂಧನದಲ್ಲಿಟ್ಟು ಪರೀಕ್ಷಿಸಿದರು. ಆಮೇಲೆ ಇಬಾಡಾನಿನಲ್ಲಿ ಸಾಕಿ, 1981ರ ಕೊನೆಯಲ್ಲಿ ಹೊಲಕ್ಕೆ ಬಿಟ್ಟರು. ಮುಂದೆ ನೆಲದ ಮೇಲಿಂದಲೂ ವಿಮಾನದಿಂದಲೂ ಬಿಡುವ ಏರ್ಪಾಡಾಯಿತು. ಹತ್ತು ವರ್ಷದೊಳಗೆ ಕಣಜ ಇಪ್ಪತ್ತಕ್ಕೂ ಹೆಚ್ಚು ದೇಶಗಳಲ್ಲಿ ನೆಲೆಯೂರಿತು. ಗಡಿಯಲ್ಲಿ ಅದಕ್ಕೆ ರಹದಾರಿ ಬೇಕಿರಲಿಲ್ಲ. ಸಿರಿವಂತನ ಹೊಲ, ಬಡವನ ಹೊಲ ಎಂಬ ಭೇದವೂ ಇರಲಿಲ್ಲ. ರೈತನು ಒಂದು ಕಾಸೂ ಕೊಡಬೇಕಾಗಲಿಲ್ಲ. ತೀರ ಬಡವಾದ ಮರಳು ನೆಲದ ಹೊಲಗಳಲ್ಲಿ ಮಾತ್ರ ಪೂರ್ಣ ಫಲ ಕಾಣಲಿಲ್ಲ. ಉಳಿದೆಡೆ ಹುಳು ಹದ್ದಿಗೆ ಬಂತು.

ಲೆಕ್ಕ ಕೇಳುವವರಿಗೆ ಲೆಕ್ಕವೂ ಉಂಟು. ರಿಚರ್ಡ್ ನಾರ್ಗಾರ್ಡ್ ಎಂಬ ಅರ್ಥಶಾಸ್ತ್ರಜ್ಞರು 1988ರಲ್ಲಿ ಅಂದಾಜು ಮಾಡಿದಂತೆ, ಈ ಕೆಲಸಕ್ಕೆ ಹಾಕಿದ ಒಂದೊಂದು ಡಾಲರಿಗೂ ಬಂದ ಫಲ 149 ಡಾಲರು. ಯಾವ ಅಂಗಡಿಯಲ್ಲಿ ಇಂಥ ಲಾಭ ಉಂಟು? ಆದರೂ ಯಾವ ವ್ಯಾಪಾರಿಯೂ ಇದಕ್ಕೆ ಬಂಡವಾಳ ಹೂಡುತ್ತಿರಲಿಲ್ಲ. ಒಮ್ಮೆ ಬಿಟ್ಟರೆ ತಾನೇ ಹೆಚ್ಚಿ ತಾನೇ ಹರಡುವ ಮದ್ದನ್ನು ಎರಡನೆಯ ಸಲ ಮಾರುವುದು ಹೇಗೆ? ಲಾಭ ಒಬ್ಬನ ಪೆಟ್ಟಿಗೆಗೆ ಬೀಳದೆ ಕೋಟಿ ಜನರ ಗಂಗಾಳಕ್ಕೆ ಬಿತ್ತು. ಇಂಥ ಕೆಲಸವನ್ನು ಸಾರ್ವಜನಿಕ ಹಣವೇ ಮಾಡಬೇಕು. ನಾವು ಇಂದು ಹೇಳಬಂದದ್ದು ಇದನ್ನೇ.

ಕಣಜವೊಂದರಿಂದ ಎಲ್ಲವೂ ಬಗೆಹರಿಯಿತೆಂದು ಯಾರೂ ತಿಳಿಯಬಾರದು. ಮರಗೆಣಸಿಗೆ ಮೊಸಾಯಿಕ್ ಎಂಬ ನಂಜು ರೋಗವೂ ಉಂಟು. ಬಿಳಿ ನೊಣ ಅದನ್ನು ಗಿಡದಿಂದ ಗಿಡಕ್ಕೆ ಒಯ್ಯುತ್ತದೆ; ರೋಗದ ಗಿಡದ ಕಾಂಡ ನೆಟ್ಟರೆ ಹೊಸ ಗಿಡಕ್ಕೂ ಬರುತ್ತದೆ. ನೆರೆಯವರು ಪ್ರೀತಿಯಿಂದ ಕೊಟ್ಟ ಕಾಂಡದೊಡನೆ ರೋಗವೂ ಮನೆಗೆ ಬಂದಂತೆ. ಉಗಾಂಡದಲ್ಲಿ 1990ರ ದಶಕದಲ್ಲಿ, ಎರಡು ಬಗೆಯ ನಂಜಾಣುಗಳು ಕೂಡಿ ಹುಟ್ಟಿದ ಹೊಸ ನಂಜು ಹರಡಿ, ಎಷ್ಟೋ ಸೀಮೆಗಳಲ್ಲಿ ಜನ ಈ ಬೆಳೆಯನ್ನೇ ಕೈಬಿಟ್ಟರು. ಅಲ್ಲಿ ನೆರವಾದದ್ದು ರೋಗ ತಡೆಯುವ ತಳಿಗಳು. ಅಂಥ ತಳಿಗೆ ಪೂರ್ವ ಆಫ್ರಿಕಾದ ಅಮಾನಿ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿಯೇ ಕೆಲಸ ಆರಂಭವಾಗಿತ್ತು. ಇಂಥ ವಿದ್ಯೆ ಒಂದು ತಲೆಮಾರು ಹಾಕಿದ ತಳಪಾಯದ ಮೇಲೆ ಇನ್ನೊಂದು ತಲೆಮಾರು ಕಟ್ಟುವಂಥದು. ನಡುವೆ ಕೂಲಿ ನಿಲ್ಲಿಸಿದರೆ ಗೋಡೆ ಏಳುವುದಿಲ್ಲ.

ಇನ್ನು ನಮ್ಮ ನೆಲದ ಮಾತು. ಅದೇ ಹಿಟ್ಟು ತಿಗಣೆ 2020ರಲ್ಲಿ ಕೇರಳದ ತ್ರಿಶೂರಿನಲ್ಲಿ ಕಾಣಿಸಿಕೊಂಡಿತು. ತಮಿಳುನಾಡಿನ ಮರಗೆಣಸಿಗೂ ಹಬ್ಬಿತು. ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊದ ವಿಜ್ಞಾನಿಗಳು ಮದ್ದನ್ನು ಹೊಸದಾಗಿ ಹುಡುಕಬೇಕಾಗಲಿಲ್ಲ. ಇಬಾಡಾನಿನ ಅದೇ ಸಂಸ್ಥೆಯ, ಬೆನಿನ್ ದೇಶದಲ್ಲಿರುವ ಕೇಂದ್ರದಿಂದ 2021ರಲ್ಲಿ ಕಣಜವನ್ನು ತರಿಸಿ, ಪರೀಕ್ಷಿಸಿ, ಸಾಕಿ, 2022ರ ಮಾರ್ಚಿಯಲ್ಲಿ ಸೇಲಂ ಜಿಲ್ಲೆಯ ಏತಾಪುರದಲ್ಲಿ ಹೊಲಕ್ಕೆ ಬಿಟ್ಟರು. ಆಫ್ರಿಕಾದ ಬಡವರಿಗಾಗಿ ನಡೆದ ಕೆಲಸ ನಾಲ್ವತ್ತು ವರ್ಷದ ಮೇಲೆ ನಮ್ಮ ಗಂಜಿಗೂ ಸಬ್ಬಕ್ಕಿಗೂ ಕಾವಲಾಗಿ ಬಂತು.

ಮೆಕ್ಕೆಜೋಳದ ಸೈನಿಕ ಹುಳುವಿನ ದಾರಿಯನ್ನೂ ನೆನೆಯಿರಿ. ಅಮೆರಿಕದ ಆ ಹುಳು 2016ರಲ್ಲಿ ಆಫ್ರಿಕಾದಲ್ಲಿ ಕಂಡಿತು. 2018ರಲ್ಲಿ ನಮ್ಮ ಶಿವಮೊಗ್ಗದ ಜೋಳದ ಸುಳಿಯಲ್ಲಿ ಕುಳಿತಿತ್ತು. ನಡುವೆ ಎರಡೇ ವರ್ಷ. ಆಫ್ರಿಕಾದ ಹೊಲಕ್ಕೆ ಬಿದ್ದ ಬೆಂಕಿ ನಮ್ಮ ಹಿತ್ತಲಿಗೆ ಬರಲು ಹೆಚ್ಚು ಕಾಲ ಬೇಡ.

ಆದುದರಿಂದ ಬಂಧುಗಳೇ, ಕೀಟ ಸಾಕುವ ಪ್ರಯೋಗಶಾಲೆಗೆ, ಬಂದರಿನಲ್ಲಿ ಗಿಡ ತಪಾಸಣೆ ಮಾಡುವವರಿಗೆ, ಹಳ್ಳಿಗೆ ಹೋಗಿ ರೈತನ ಹೊಲ ನೋಡುವ ನೌಕರನಿಗೆ ಕೊಡುವ ಹಣ ದಂಡವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಹುಳು ಇಲ್ಲದ ವರ್ಷ ಕಾವಲುಗಾರನನ್ನು ಮನೆಗೆ ಕಳುಹಿಸಿದರೆ ಹುಳು ಬಂದ ವರ್ಷ ಕರೆಯಲು ಯಾರಿರುತ್ತಾರೆ? ನಿಮ್ಮ ಊರಿನ ಅಣ್ಣತಮ್ಮಂದಿರಿಗೂ ಒಂದು ಮಾತು ಹೇಳಿ: ಕಂಡದ್ದಕ್ಕೆಲ್ಲ ವಿಷ ಹೊಡೆದರೆ ಮೊದಲು ಸಾಯುವುದು ಕಣಜದಂಥ ಗೆಳೆಯರು, ಮೇಣ ಹೊದ್ದ ತಿಗಣೆ ಉಳಿದುಕೊಳ್ಳುತ್ತದೆ. ಕೂಲಿಯವನ ಗಂಗಾಳ ತುಂಬುವುದು ಬೇಸಾಯಗಾರನ ಹೊಲದಿಂದ, ಸಣ್ಣ ಅಂಗಡಿ ನಡೆಯುವುದು ಇವರಿಬ್ಬರಿಂದ. ಆ ಹೊಲವನ್ನು ಕಾಯುವ ವಿದ್ಯೆಗೆ ಹಣ ಕೇಳುವಾಗ ನಮ್ಮ ದನಿಯೂ ರೈತನ ದನಿಯೊಡನೆ ಸೇರಲಿ.