ಉದ್ದನೆಯ ಪದಕ್ಕೆ ಹೆದರಬೇಡಿ
(ವಾರ್ಷಿಕ ಸಮಾರಂಭದಲ್ಲಿ ವಿದ್ಯಾರ್ಥಿಗಳನ್ನುದ್ದೇಶಿಸಿ ಮಾಡಿದ ಭಾಷಣ)



ನಾನು ಕನ್ನಡ ಮಾಧ್ಯಮದಲ್ಲಿ ಓದಿದವನು. ನನ್ನ ಮೊದಲ ಸಂದರ್ಶನದಲ್ಲಿ 'ರಿಸ್ಪಾನ್ಸಿಬಿಲಿಟಿ' ಎಂಬ ಪದ ಅರ್ಧಕ್ಕೇ ನಾಲಿಗೆಯಲ್ಲಿ ಸಿಕ್ಕಿಕೊಂಡಿತು. ಆಮೇಲೆ ಗೊತ್ತಿದ್ದ ಉತ್ತರವೂ ಬಾಯಿಗೆ ಬರಲಿಲ್ಲ. ಅದೇ ಪದವನ್ನು ಇಂದು ನಿಮ್ಮೆದುರು ಬಿಡಿಸಿ ತೋರಿಸುತ್ತೇನೆ.

ಇಂಗ್ಲಿಷಿನಲ್ಲಿ ಬರೆದರೆ ಇದಕ್ಕೆ 14 ಅಕ್ಷರಗಳು. ಆದರೆ ಹೇಳುವಾಗ ಆರೇ ತುಂಡುಗಳು: ರಿ-ಸ್ಪಾನ್-ಸಿ-ಬಿ-ಲಿ-ಟಿ. ಈ ತುಂಡಿಗೆ ಸಿಲಬಲ್ ಎನ್ನುತ್ತಾರೆ. ನಾವು ಆರನ್ನೂ ಒಂದೇ ಸಮನಾಗಿ ಹೇಳಿಬಿಡುತ್ತೇವೆ. ಕನ್ನಡದಲ್ಲಿ ಅದು ನಡೆಯುತ್ತದೆ. ನಮಗೆ ಮುಖ್ಯವಾದದ್ದು 'ಕಡು', 'ಕಾಡು' ಎಂಬ ಹ್ರಸ್ವ-ದೀರ್ಘ. ಇಂಗ್ಲಿಷಿನಲ್ಲಾದರೋ ಒಂದು ಸಿಲಬಲ್ ಮೇಲೆ ಹೆಚ್ಚು ಒತ್ತು ಬೀಳಬೇಕು. ಇಲ್ಲಿ ಅದು ನಾಲ್ಕನೆಯ 'ಬಿ' ಮೇಲೆ.

ಏಕೆ? 'ರಿಸ್ಪಾನ್ಸಿಬಲ್' ಎನ್ನುವಾಗ ಒತ್ತು 'ಸ್ಪಾನ್' ಮೇಲಿರುತ್ತದೆ. ಕೊನೆಗೆ 'ಇಟಿ' ಪ್ರತ್ಯಯ ಸೇರಿದೊಡನೆ ಒತ್ತು ಅದರ ಹಿಂದಿನ ಸಿಲಬಲ್‌ಗೆ ಸರಿಯುತ್ತದೆ. 'ಎಲೆಕ್ಟ್ರಿಕ್'ನಲ್ಲಿ 'ಲೆಕ್' ಮೇಲಿದ್ದ ಒತ್ತು 'ಎಲೆಕ್ಟ್ರಿಸಿಟಿ'ಯಲ್ಲಿ 'ಟ್ರಿ'ಗೆ ಬರುವುದೂ ಹೀಗೆಯೇ. 'ಪಾಸಿಬಲ್'-'ಪಾಸಿಬಿಲಿಟಿ' ನೀವೇ ಹೇಳಿ ನೋಡಿ. ಒಂದು ನಿಯಮ ಕಲಿತರೆ ನೂರಾರು ಪದಗಳು ಕೈಗೆ ಬರುತ್ತವೆ.

ಮುಂದೆ 'ಇರ್' ಸೇರಿಸಿದರೆ 'ಇರ್‌ರಿಸ್ಪಾನ್ಸಿಬಿಲಿಟಿ', ಬೇಜವಾಬ್ದಾರಿತನ. ಸಿಲಬಲ್ ಏಳಾದವು, ಒತ್ತು ಮಾತ್ರ 'ಬಿ' ಬಿಟ್ಟು ಕದಲಲಿಲ್ಲ. ಉಪಸರ್ಗ ಅರ್ಥವನ್ನು ತಿರುಗಿಸಿತು, ಒತ್ತನ್ನು ಕದಲಿಸಿದ್ದು ಪ್ರತ್ಯಯ. ಕಾಗುಣಿತಕ್ಕೂ ಒಂದು ಮಾತು: ಈ ಪದದ 'ಸಿ', 'ಬಿ', 'ಲಿ' ಮೂರರಲ್ಲೂ 'ಐ' ಅಕ್ಷರವೇ ಇದೆ, 'ಎ' ಎಲ್ಲಿಯೂ ಇಲ್ಲ.

ಇನ್ನು ಅರ್ಥ. ಈ ಪದದ ಬೇರು ಲ್ಯಾಟಿನ್ ಭಾಷೆಯಲ್ಲಿದೆ. ಅದರ ಅರ್ಥ ಉತ್ತರ ಕೊಡುವುದು. 'ರಿಸ್ಪಾಂಡ್' ಕೂಡ ಅದೇ ಬೇರಿನದು. ನಮ್ಮ 'ಜವಾಬ್ದಾರಿ'ಯನ್ನು ಬಿಡಿಸಿ ನೋಡಿ. 'ಜವಾಬ್' ಅರಬಿಯಿಂದ ಬಂದ ಪದ, ಅರ್ಥ ಉತ್ತರ. 'ದಾರ್' ಫಾರ್ಸಿಯದು, ಉಳ್ಳವನು ಎಂದರ್ಥ. ಉತ್ತರ ಕೊಡಬೇಕಾದವನೇ ಜವಾಬ್ದಾರ. ದೂರದ ಎರಡು ಭಾಷೆಗಳು ಒಂದೇ ವಿಚಾರದಿಂದ ಪದ ಕಟ್ಟಿವೆ!

ವಿದ್ಯಾರ್ಥಿಗಳೇ, ಮನೆಯಲ್ಲಿ ಉರ್ದು, ಬ್ಯಾರಿ, ಕನ್ನಡ ಯಾವುದನ್ನೇ ಆಡಿ, ಅದು ಇಂಗ್ಲಿಷಿಗೆ ಅಡ್ಡಿಯಲ್ಲ, ಮೆಟ್ಟಿಲು. ದಿನಕ್ಕೊಂದು ಉದ್ದ ಪದವನ್ನು ಬಿಡಿಸಿ, ಒತ್ತು ಗುರುತಿಸಿ, ಗಟ್ಟಿಯಾಗಿ ಹೇಳಿ. ನನ್ನಂತೆ ನೀವು ಗೊತ್ತಿದ್ದ ಉತ್ತರವನ್ನು ನುಂಗಿಕೊಂಡು ಹೊರಬರುವಂತಾಗಬಾರದು.