ಕಾಫಿ ಯಂತ್ರಕ್ಕೂ ಒಂದು ಪರೀಕ್ಷೆ

ಮಕ್ಕಳೇ, ಕಲಬುರಗಿಯಲ್ಲಿ ಬೆಳಗಾದರೆ ಒಲೆ ಏರುವುದು ಚಹಾ. ಆದರೂ ಬೆಂಗಳೂರಿನಲ್ಲಿ ನೌಕರಿ ಮಾಡುವ ಅಣ್ಣನೋ ಅಕ್ಕನೋ ಹಬ್ಬಕ್ಕೆ ಬರುವಾಗ ಕಾಫಿ ಯಂತ್ರವೊಂದನ್ನು ತರುವುದು ಈಗೀಗ ಶುರುವಾಗಿದೆ. ಡಬ್ಬದ ಮೇಲೆ ದೊಡ್ಡ ಅಕ್ಷರಗಳಲ್ಲಿ ‘1000 ವಾಟ್, ಆರು ಕಪ್, ಹೋಟೆಲ್ ರುಚಿ’ ಎಂದಿರುತ್ತದೆ. ಅದೇ ಅಡುಗೆಮನೆಯಲ್ಲಿ ಹಳೆಯ ಹಿತ್ತಾಳೆ ಫಿಲ್ಟರೂ ಇರಬಹುದು. ಎರಡರಲ್ಲಿ ಯಾವುದು ಚಲೋ ಎಂದು ಕೇಳಿದರೆ ಮುತ್ಯಾ ಒಂದು ಹೇಳುತ್ತಾರೆ, ಅಣ್ಣ ಇನ್ನೊಂದು ಹೇಳುತ್ತಾನೆ. ವಾದ ಮಾಡುತ್ತ ಕೂಡುವುದಕ್ಕಿಂತ ಅಳೆದು ನೋಡೋಣ. ಅಳೆಯುವ, ಬರೆದಿಡುವ ಕೆಲಸ ನಿಮ್ಮದು. ಕಾಫಿಯಲ್ಲಿ ಕೆಫೀನ್ ಇರುವುದರಿಂದ ಕುಡಿದು ಹೇಳುವ ಕೆಲಸ ದೊಡ್ಡವರದು. ಕುದಿಯುವ ನೀರು, ಕರೆಂಟು ಇದ್ದಲ್ಲಿ ದೊಡ್ಡವರೊಬ್ಬರು ಪಕ್ಕದಲ್ಲೇ ನಿಂತಿರಬೇಕು.

ಪರೀಕ್ಷೆಗೆ ಒಂದೇ ಕಟ್ಟಳೆ: ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಇಂದು ಯಂತ್ರ ಬದಲಾದರೆ ಪುಡಿ, ನೀರು, ಹಾಲು, ಸಕ್ಕರೆ ಎಲ್ಲವೂ ನಿನ್ನೆಯವೇ ಆಗಿರಬೇಕು, ಅಳತೆಯೂ ಅಷ್ಟೇ ಇರಬೇಕು. ಪುಡಿಯನ್ನೂ ಯಂತ್ರವನ್ನೂ ಒಟ್ಟಿಗೇ ಬದಲಿಸಿ ಇದೇ ರುಚಿ ಎಂದರೆ, ಆ ರುಚಿ ಎಲ್ಲಿಂದ ಬಂತೆಂದು ಯಾರೂ ಹೇಳಲಾರರು.

ನೀರಿನಿಂದ ಶುರು ಮಾಡೋಣ. ಹಾಲು ಹಾಕದ ಯಂತ್ರದ ಕಾಫಿಯಲ್ಲಿ ನೂರಕ್ಕೆ 98 ಪಾಲಿಗಿಂತ ಹೆಚ್ಚು ನೀರೇ ಇರುತ್ತದೆ. ಹಾಗಾಗಿ ಯಂತ್ರಕ್ಕಿಂತ ಮೊದಲು ನೀರಿನ ಗುಣ ತಿಳಿಯಬೇಕು. ಒಂದೇ ಅಳತೆಯ ಮೂರು ಬಾಟಲಿ ತೆಗೆದುಕೊಳ್ಳಿ. ಒಂದರಲ್ಲಿ ನಿಮ್ಮ ಮನೆಯ ನಳದ ನೀರು ತುಂಬಿ, ಇನ್ನೊಂದರಲ್ಲಿ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದದ್ದು. ಕಮಲಾಪುರದಲ್ಲಿ ಅತ್ತಿಯ ಮನೆ ಇದ್ದರೆ ಅಲ್ಲಿಂದ ಬೋರ್‌ವೆಲ್ಲಿನದೋ ಬಾವಿಯದೋ ನೀರು ತರಿಸಿ ಮೂರನೆಯದನ್ನು ತುಂಬಿ. ಮೈಸೋಪಿನ ಚೂರನ್ನು ನೀರಿನಲ್ಲಿ ಕರಗಿಸಿ, ಆ ಸೋಪುನೀರನ್ನು ಪ್ರತಿ ಬಾಟಲಿಗೂ ಹನಿಹನಿಯಾಗಿ ಹಾಕುತ್ತ ಕುಲುಕಿ. ನೊರೆ ನಿಲ್ಲುವುದಕ್ಕೆ ಎಷ್ಟು ಹನಿ ಬೇಕಾಯಿತೆಂದು ಎಣಿಸಿ. ಹೆಚ್ಚು ಹನಿ ಬೇಡುವ ನೀರೇ ಗಡುಸು ನೀರು. ಅದರಲ್ಲಿ ಕ್ಯಾಲ್ಸಿಯಂ ಮತ್ತು ಮೆಗ್ನೀಸಿಯಂ ಲವಣಗಳು ಕರಗಿರುತ್ತವೆ. ಸೋಪು ಮೊದಲು ಅವುಗಳ ಜೊತೆ ಸೇರಿ ಕೆನೆಯಂಥ ಗಸಿಯಾಗುತ್ತದೆ, ಆಮೇಲೆ ಉಳಿದದ್ದು ನೊರೆಯಾಗುತ್ತದೆ. ಕುಡಿಯುವ ನೀರಿನ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರು ಇಲ್ಲದಿದ್ದರೆ 600ರವರೆಗೆ ನಡೆಯುತ್ತದೆ ಎಂದು ಭಾರತೀಯ ಮಾನಕ ಹೇಳುತ್ತದೆ.

ಈ ಗಡುಸು ನೀರನ್ನು ಕಾಯಿಸಿದರೆ ಪಾತ್ರೆಯ ತಳದಲ್ಲಿ ಬಿಳಿ ಹೊಪ್ಪಳೆ ಕಟ್ಟುತ್ತದೆ. ಅದರಲ್ಲಿ ಹೆಚ್ಚಿನ ಪಾಲು ಕ್ಯಾಲ್ಸಿಯಂ ಕಾರ್ಬೊನೇಟ್. ನಿಮ್ಮ ಮನೆಯ ನೆಲಕ್ಕೆ ಶಹಾಬಾದಿನ ಫರ್ಸಿ ಹಾಸಿದ್ದರೆ ನೀವು ದಿನಾ ತುಳಿಯುವುದೂ ಬಹುಪಾಲು ಅದನ್ನೇ! ಶಹಾಬಾದ್, ವಾಡಿ, ಸೇಡಂ ಕಡೆ ನೆಲದಡಿ ಹಾಸಿಕೊಂಡಿರುವ ಸುಣ್ಣದ ಕಲ್ಲೂ, ಕೆಟಲಿನ ತಳದ ಹೊಪ್ಪಳೆಯೂ ಒಂದೇ ಬಳಗದವು. ನಂಬಿಕೆ ಬಾರದಿದ್ದರೆ ಒಡೆದ ಫರ್ಸಿಯ ತುಂಡೊಂದನ್ನು ಕೆರೆದು ಸ್ವಲ್ಪ ಪುಡಿ ಮಾಡಿ, ಅದರ ಮೇಲೆ ನಿಂಬೆರಸ ಹಿಂಡಿ. ಕಿವಿ ಹತ್ತಿರ ತಂದು ಕೇಳಿ, ಕಣ್ಣಿಟ್ಟು ನೋಡಿ. ಸಣ್ಣ ಸಣ್ಣ ಗುಳ್ಳೆ ಏಳುತ್ತವೆ. ಅದು ಇಂಗಾಲದ ಡೈಆಕ್ಸೈಡ್. ಕೆಟಲಿನ ಹೊಪ್ಪಳೆ ಕೆರೆದು ಹಾಕಿದರೂ ಗುಳ್ಳೆ ಬರುತ್ತದೆ. ಹಾಸಿದ ನೆಲದ ಮೇಲೆ ಮಾತ್ರ ಇದನ್ನು ಮಾಡಬೇಡಿ, ಕಲೆ ಉಳಿದುಬಿಡುತ್ತದೆ.

ಈಗ ಯಂತ್ರದ ಒಳಗೆ ಏನಿದೆ ನೋಡೋಣ. ಹನಿಹನಿಯಾಗಿ ಕಾಫಿ ಇಳಿಸುವ ಯಂತ್ರದಲ್ಲಿ ನೀರೆತ್ತಲು ಪಂಪು ಇರುವುದು ಕಡಿಮೆ. ತೊಟ್ಟಿಯ ನೀರು ಕೆಳಗಿನ ಬಿಸಿ ಕೊಳವೆಗೆ ಇಳಿಯುತ್ತದೆ, ಅಲ್ಲಿ ಕುದಿದು ಗುಳ್ಳೆ ಎದ್ದಾಗ ಆ ಗುಳ್ಳೆಗಳೇ ನೀರನ್ನು ಮೇಲಕ್ಕೆ ತಳ್ಳುತ್ತವೆ. ಹಿಂದಕ್ಕೆ ಹೋಗದಂತೆ ಒಂದು ಪುಟ್ಟ ಕವಾಟ ತಡೆಯುತ್ತದೆ. ಯಂತ್ರ ಗೊಳಗೊಳ ಎನ್ನುವುದು ಅದಕ್ಕೇ. ಮೇಲೆ ಬಂದ ನೀರು ಕಾಗದದ ಸೋಸುಕದಲ್ಲಿರುವ ಪುಡಿಯ ಮೇಲೆ ಬೀಳುತ್ತದೆ. ಈ ಕಾಗದದ ಸೋಸುಕವನ್ನು ಕಂಡುಹಿಡಿದದ್ದು ಜರ್ಮನಿಯ ಡ್ರೆಸ್ಡನ್ ಊರಿನ ಗೃಹಿಣಿ ಮೆಲಿಟಾ ಬೆಂಟ್ಸ್. ಅವರು ಮಗನ ಶಾಲೆಯ ಪುಸ್ತಕದಲ್ಲಿದ್ದ ಮಸಿ ಹೀರುವ ಕಾಗದವನ್ನು ತೆಗೆದು, ತೂತು ಮಾಡಿದ ಡಬ್ಬಿಯಲ್ಲಿಟ್ಟು ಕಾಫಿ ಸೋಸಿ ನೋಡಿದ್ದರು. ಅದಕ್ಕೆ 1908ರಲ್ಲಿ ಹಕ್ಕುಪತ್ರವೂ ಸಿಕ್ಕಿತು.

ಪುಡಿಯ ಮೇಲೆ ಬೀಳುವ ನೀರು ಎಷ್ಟು ಬಿಸಿ ಇರಬೇಕು? ಕಾಫಿ ಯಂತ್ರಗಳನ್ನು ಪರೀಕ್ಷಿಸುವವರು 92ರಿಂದ 96 ಡಿಗ್ರಿ ಸೆಲ್ಸಿಯಸ್ ಎನ್ನುತ್ತಾರೆ. ಅದಕ್ಕಿಂತ ತಣ್ಣಗಿದ್ದರೆ ಕಾಫಿ ಹುಳಿಹುಳಿ, ನೀರುನೀರು. ಅಡುಗೆಗೆ ಬಳಸುವ, 100 ಡಿಗ್ರಿಗಿಂತ ಮೇಲೂ ಅಳೆಯುವ ತಾಪಮಾಪಕ ಬೇಕು. ಜ್ವರ ನೋಡುವುದು ಬೇಡವೇ ಬೇಡ. ಅದು 42 ಡಿಗ್ರಿಗೆ ಮುಗಿಯುತ್ತದೆ, ನಮ್ಮೂರ ಬೇಸಿಗೆಯ ಮಧ್ಯಾಹ್ನವನ್ನೇ ಅದು ತಾಳಲಾರದು. ಮಾಪಕ ಸರಿಯಿದೆಯೇ ಎಂದು ತಿಳಿಯಲು ಕುದಿಯುವ ನೀರಿನಲ್ಲಿ ಅದ್ದಿಸಿ. 100 ತೋರಿಸದಿದ್ದರೆ ಗಾಬರಿ ಬೇಡ. ಕಲಬುರಗಿ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಎತ್ತರದಲ್ಲಿದೆ. ಪ್ರತಿ 300 ಮೀಟರಿಗೆ ನೀರಿನ ಕುದಿಬಿಂದು ಹೆಚ್ಚುಕಡಿಮೆ ಒಂದು ಡಿಗ್ರಿ ಇಳಿಯುವುದರಿಂದ ನಮ್ಮಲ್ಲಿ ನೀರು 98.5 ಡಿಗ್ರಿಯ ಸುಮಾರಿಗೇ ಕುದಿಯುತ್ತದೆ. ಕಾಫಿ ಬೆಳೆಯುವ ಚಿಕ್ಕಮಗಳೂರು ಸಾವಿರ ಮೀಟರಿಗಿಂತ ಎತ್ತರ, ಅಲ್ಲಿ ಇನ್ನೂ ಬೇಗ, 96.5ರ ಆಸುಪಾಸಿನಲ್ಲಿ ಕುದಿಯುತ್ತದೆ. ಯಂತ್ರದಿಂದ ಬೀಳುವ ನೀರನ್ನು ಅರ್ಧ ನಿಮಿಷಕ್ಕೊಮ್ಮೆ ಅಳೆದು ಬರೆಯಿರಿ, ಎಲ್ಲ ಇಳಿದು ಮುಗಿಯಲು ಹಿಡಿದ ಹೊತ್ತನ್ನೂ ಬರೆಯಿರಿ. ಮೊದಲ ನೀರು ತಣ್ಣಗೆ ಬಂದು ಕೊನೆಯದು ಮಾತ್ರ ಬಿಸಿಯಾಗಿದ್ದರೆ ಅದು ಯಂತ್ರದ ದೋಷ.

ಇನ್ನು ನನಗೆ ಬಹಳ ಇಷ್ಟವಾದ ಪರೀಕ್ಷೆ. ಇದಕ್ಕೆ ಬೇಕಾದದ್ದು ಒಂದು ತಕ್ಕಡಿ ಮತ್ತು ಕಲಬುರಗಿಯ ಬಿಸಿಲು. ಯಂತ್ರ ಪುಡಿಯಿಂದ ಎಷ್ಟು ಸಾರ ತೆಗೆಯಿತು ಎಂದು ತಿಳಿಯಬೇಕಲ್ಲ? 30 ಗ್ರಾಂ ಪುಡಿ, ಅರ್ಧ ಲೀಟರ್ ನೀರು ಹಾಕಿ ಕಾಫಿ ಇಳಿಸಿ. ಉಳಿದ ಚರಟವನ್ನು ಕಾಗದದ ಸಮೇತ ತಟ್ಟೆಯಲ್ಲಿ ಹರವಿ, ಮೇಲೆ ತೆಳು ಬಟ್ಟೆ ಕಟ್ಟಿ ಮಾಳಿಗೆಯ ಮೇಲಿಡಿ. ಕಾಗದದ ತೂಕ ಮೊದಲೇ ಬರೆದಿಟ್ಟುಕೊಂಡಿರಬೇಕು. ಪಕ್ಕದ ತಟ್ಟೆಯಲ್ಲಿ ಬಳಸದ 30 ಗ್ರಾಂ ಪುಡಿಯನ್ನೂ ಒಣಗಲು ಇಡಿ. ಇದ್ಯಾಕೆ ಎನ್ನುತ್ತೀರಾ? ಹೊಸ ಪುಡಿಯಲ್ಲೂ ಸ್ವಲ್ಪ ತೇವ ಇರುತ್ತದೆ. ಆ ತೇವ ಆರಿದ್ದನ್ನು ಕಾಫಿಗೆ ಇಳಿದ ಸಾರವೆಂದು ಲೆಕ್ಕ ಹಿಡಿದರೆ ತಪ್ಪಾಗುತ್ತದೆ. ದಿನಾ ಸಂಜೆ ತೂಗಿ. ಎರಡು ದಿನ ಒಂದೇ ತೂಕ ಬಂದರೆ ಒಣಗಿದೆ ಎಂದರ್ಥ. ಹೊಸ ಪುಡಿ 29 ಗ್ರಾಂ, ಚರಟ 23 ಗ್ರಾಂ ಆಯಿತು ಎನ್ನೋಣ. 29ರಲ್ಲಿ 6 ಗ್ರಾಂ ನೀರಿಗಿಳಿದಿದೆ, ನೂರಕ್ಕೆ 20ರ ಮೇಲೆ ಚೂರು. 1950ರ ದಶಕದಲ್ಲಿ ಅಮೆರಿಕದ ಅರ್ನೆಸ್ಟ್ ಲಾಕ್‌ಹಾರ್ಟ್ ಎಂಬ ವಿಜ್ಞಾನಿ ಜನರಿಗೆ ಹಿತವಾದ ಕಾಫಿಯನ್ನು ಅಳೆದು, ನೂರಕ್ಕೆ 18ರಿಂದ 22ರಷ್ಟು ಸಾರ ಇಳಿದರೆ ಹದ ಎಂದರು. ಕಡಿಮೆಯಾದರೆ ಸಪ್ಪೆ, ಹೆಚ್ಚಾದರೆ ಕಹಿ. ಫಿಲ್ಟರಿನ ಚರಟಕ್ಕೂ ಇದನ್ನೇ ಮಾಡಿ. ಫಿಲ್ಟರಿನಲ್ಲಿ ನೀರು ಕಡಿಮೆ ಹಾಕುವುದರಿಂದ ಡಿಕಾಕ್ಷನ್ ಗಟ್ಟಿ ಇರುತ್ತದೆ. ಆದರೆ ಗಟ್ಟಿ ಇದೆ ಎಂದ ಮಾತ್ರಕ್ಕೆ ಪುಡಿಯ ಸಾರವೆಲ್ಲ ಇಳಿಯಿತು ಎಂದಲ್ಲ. ಚರಟವನ್ನು ತೂಗಿದಾಗಲೇ ನಿಜ ತಿಳಿಯುವುದು.

ಈ ಲೆಕ್ಕಕ್ಕೆ ಚಿಕೋರಿ ಬೆರೆಸದ ಪುಡಿ ಬೇಕು. ಚಿಕೋರಿ ಎಂದರೆ ಒಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಕಾಫಿಗಿಂತ ಅದು ನೀರಿನಲ್ಲಿ ಬಹಳ ಹೆಚ್ಚು ಕರಗುವುದರಿಂದ ನಿಮ್ಮ ಲೆಕ್ಕ ಕೆಡುತ್ತದೆ. ಕಾನೂನಿನ ಪ್ರಕಾರ ಬೆರಕೆ ಪುಡಿಯಲ್ಲಿ ಕಾಫಿ ನೂರಕ್ಕೆ 51 ಪಾಲಾದರೂ ಇರಬೇಕು, ಪಾಕೀಟಿನ ಮೇಲೆ ಅದು ಅಚ್ಚಾಗಿರುತ್ತದೆ. ಗಾಜಿನ ಲೋಟದ ತಣ್ಣೀರಿನ ಮೇಲೆ ಒಂದು ಚಿಟಿಕೆ ಪುಡಿ ಉದುರಿಸಿ. ಕಾಫಿ ತೇಲುತ್ತದೆ. ಚಿಕೋರಿ ಕೆಲವೇ ಕ್ಷಣಗಳಲ್ಲಿ ಕಂದು ಬಣ್ಣದ ಗೆರೆ ಎಳೆಯುತ್ತ ಕೆಳಗಿಳಿಯುತ್ತದೆ.

ಕರೆಂಟಿನ ಲೆಕ್ಕ ಹಿಡಿಯಲು ಜೆಸ್ಕಾಂ ಮೀಟರ್ ಸಾಕು. ಅದರಲ್ಲಿ ಒಂದು ಪುಟ್ಟ ಕೆಂಪು ದೀಪ ಮಿಣುಕುತ್ತಿರುತ್ತದೆ. ಒಂದು ಯೂನಿಟ್ಟಿಗೆ ಎಷ್ಟು ಮಿಣುಕು ಎಂಬುದು ಮೀಟರಿನ ಮುಖದ ಮೇಲೇ ಬರೆದಿರುತ್ತದೆ. 3200 ಎಂದಿದೆ ಎನ್ನೋಣ. ಫ್ಯಾನು, ಫ್ರಿಜ್ಜು, ದೀಪ ಎಲ್ಲ ಆರಿಸಿ ಯಂತ್ರವೊಂದನ್ನೇ ಓಡಿಸಿ ಮಿಣುಕು ಎಣಿಸಿ. ಮೀಟರನ್ನು ಮುಟ್ಟಬಾರದು, ದೂರ ನಿಂತು ನೋಡಿದರೆ ಸಾಕು. ಅರ್ಧ ಲೀಟರ್ ನೀರನ್ನು 30 ಡಿಗ್ರಿಯಿಂದ 95ಕ್ಕೆ ಏರಿಸಲು ಸುಮಾರು 121 ಮಿಣುಕಿನಷ್ಟು ಶಕ್ತಿ ಬೇಕು. ನಿಮ್ಮ ಎಣಿಕೆ 150 ಬಂದರೆ ಉಳಿದ 29 ಯಂತ್ರದ ಮೈಯನ್ನೂ ಅಡುಗೆಮನೆಯ ಗಾಳಿಯನ್ನೂ ಕಾಯಿಸಿದವು.

ಕೊನೆಗೆ ರುಚಿ. ಇಲ್ಲಿ ಹುಷಾರಾಗಿರಬೇಕು. ದುಡ್ಡು ಕೊಟ್ಟು ತಂದ ಯಂತ್ರದ ಕಾಫಿ ಎಂದು ಮೊದಲೇ ಗೊತ್ತಿದ್ದರೆ ನಾಲಿಗೆ ಅದರ ಕಡೆ ವಾಲುತ್ತದೆ. 1920ರ ದಶಕದಲ್ಲಿ ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಸಂಶೋಧನಾ ಕೇಂದ್ರದಲ್ಲಿ ಮ್ಯೂರಿಯಲ್ ಬ್ರಿಸ್ಟಲ್ ಎಂಬ ವಿಜ್ಞಾನಿ, ಕಪ್ಪಿಗೆ ಮೊದಲು ಹಾಲು ಹಾಕಿದರೋ ಚಹಾ ಹಾಕಿದರೋ ಕುಡಿದೇ ಹೇಳಬಲ್ಲೆ ಎಂದರಂತೆ. ರೊನಾಲ್ಡ್ ಫಿಶರ್ ಎಂಬ ಗಣಿತಜ್ಞರು ಅದನ್ನು ಪರೀಕ್ಷೆಯಾಗಿಯೇ ರೂಪಿಸಿ, 1935ರ ತಮ್ಮ ಪುಸ್ತಕದಲ್ಲಿ ವಿವರಿಸಿದರು. ಎಂಟು ಕಪ್ಪು, ನಾಲ್ಕು ಹೀಗೆ, ನಾಲ್ಕು ಹಾಗೆ, ಕಲಸುಮೇಲೋಗರ ಮಾಡಿ ಇಡಬೇಕು. ಎಂಟರಲ್ಲಿ ನಾಲ್ಕನ್ನು ಆರಿಸುವ ಬಗೆಗಳು 70. ಬರೀ ಊಹೆಯಿಂದ ಎಲ್ಲವೂ ಸರಿಯಾಗುವ ಸಾಧ್ಯತೆ 70ಕ್ಕೆ ಒಂದು.

ನಿಮ್ಮ ಮನೆಯಲ್ಲೂ ಎಂಟು ಪುಟ್ಟ ಲೋಟ ಸಾಲಾಗಿಡಿ, ಒಂದೊಂದರಲ್ಲೂ ಎರಡೇ ಗುಟುಕು. ಡಿಕಾಕ್ಷನ್ನಿಗೆ ಬಿಸಿನೀರು ಬೆರೆಸಿ ಬಣ್ಣ ಒಂದೇ ಆಗುವಂತೆ ನೋಡಿಕೊಳ್ಳಿ, ಬಿಸಿಯೂ ಒಂದೇ ಇರಲಿ. ಲೋಟಕ್ಕೆ ಹೊಯ್ಯುವವರು ಒಬ್ಬರು, ತಂದುಕೊಡುವವರು ಇನ್ನೊಬ್ಬರಾಗಿರಬೇಕು. ತಂದುಕೊಡುವವರಿಗೂ ಯಾವುದು ಯಾವುದೆಂದು ತಿಳಿದಿರಬಾರದು, ಇಲ್ಲದಿದ್ದರೆ ಅವರ ಮುಖವೇ ಉತ್ತರ ಹೇಳಿಬಿಡುತ್ತದೆ. ಅತ್ತಿಯ ಮನೆಯಿಂದ ಕಮಲಾಪುರದ ಕೆಂಪು ಬಾಳೆಹಣ್ಣು ಬಂದಿದ್ದರೆ ಅದನ್ನು ಬೇರೆ ಕೋಣೆಯಲ್ಲಿಡಿ, ಅದರ ಘಮ ಕಾಫಿಯ ಘಮವನ್ನು ಮುಚ್ಚುತ್ತದೆ. ಒಂದೊಂದು ಲೋಟದ ನಡುವೆ ನೀರು ಮುಕ್ಕಳಿಸಲು ಹೇಳಿ. ಮುತ್ಯಾ ಎಂಟನ್ನೂ ಸರಿಯಾಗಿ ಬೇರ್ಪಡಿಸಿದರೆ ಎರಡರ ರುಚಿ ನಿಜವಾಗಿಯೂ ಬೇರೆ ಎಂದು ಒಪ್ಪಬಹುದು. ಯಾವುದು ಹಿತ ಎಂಬುದು ಆಮೇಲೆ ಕೇಳುವ ಪ್ರಶ್ನೆ. ಅದಕ್ಕೆ ಮನೆಯ ಒಬ್ಬೊಬ್ಬರ ಉತ್ತರ ಒಂದೊಂದಾಗಬಹುದು, ಎಲ್ಲವನ್ನೂ ಬರೆದುಕೊಳ್ಳಿ.

ಯಂತ್ರ ಹೊಸದಿದ್ದಾಗ ನೀವು ಬರೆದಿಟ್ಟ ಸೆಕೆಂಡು, ಡಿಗ್ರಿ, ಮಿಣುಕುಗಳ ಪುಟವನ್ನು ಜೋಪಾನ ಮಾಡಿ. ಗಡುಸು ನೀರು ಹಾಕುತ್ತಿದ್ದರೆ ಕೆಲವು ತಿಂಗಳಲ್ಲಿ ಒಳಗಿನ ಸಣ್ಣ ಕೊಳವೆಗೂ ಬಿಳಿ ಹೊಪ್ಪಳೆ ಹಿಡಿಯುತ್ತದೆ. ಆಗ ಶಾಖ ನೀರಿಗೆ ತಲುಪುವುದು ನಿಧಾನ, ದಾರಿಯೂ ಇಕ್ಕಟ್ಟು. ಮತ್ತೆ ಅಳೆದು ನೋಡಿ. ಹಿಂದೆ ಆರು ನಿಮಿಷಕ್ಕೆ ಮುಗಿಯುತ್ತಿದ್ದದ್ದು ಒಂಬತ್ತಕ್ಕೆ ಹೋಗಿದ್ದರೆ ಕಿರಾಣಿ ಅಂಗಡಿಯ ನಿಂಬೆ ಉಪ್ಪನ್ನು ನೀರಿನಲ್ಲಿ ಕರಗಿಸಿ, ಪುಡಿ ಹಾಕದೆ ಯಂತ್ರ ಓಡಿಸಲು ದೊಡ್ಡವರಿಗೆ ಹೇಳಿ. ಫರ್ಸಿಯ ಪುಡಿಯಲ್ಲಿ ಎದ್ದ ಗುಳ್ಳೆಗಳೇ ಈಗ ಕೊಳವೆಯೊಳಗೆ ಏಳುತ್ತವೆ. ಬರೀ ನೀರಿನಿಂದ ಎರಡು ಸಲ ತೊಳೆದ ಮೇಲೆ ಅದೇ ನೀರು, ಅದೇ ಪುಡಿ, ಅದೇ ಅಳತೆ ಹಾಕಿ ಇನ್ನೊಮ್ಮೆ ಎಣಿಸಿ, ಹಳೆಯ ಪುಟದ ಪಕ್ಕದಲ್ಲಿ ಬರೆಯಿರಿ.